ಬ್ರೆನ್ನಾ ಕೇಳದೆ ಬಿಟ್ಟ ಪ್ರಶ್ನೆ

ಬ್ರೆನ್ನಾ ಯುರ್ಕೊ ನಿಂತಲ್ಲಿ ನಿಲ್ಲುವ ಹೆಂಗಸಲ್ಲ. ಹಾರ್ಲನ್ಸ್ ಬೆಂಡ್ ಊರಿನಲ್ಲಿ ಯಾರನ್ನು ಕೇಳಿದರೂ ಮೊದಲು ಈ ಮಾತೇ ಬರುತ್ತದೆ. ಚಿಕ್ಕವಳಿದ್ದಾಗ ಚರ್ಚಿನ ಬೆಂಚಿನ ಮೇಲೆ ಅವಳನ್ನು ಕೂರಿಸಲು ಅಜ್ಜಿ ತನ್ನ ಕೋಟಿನ ಬೆಲ್ಟನ್ನು ಅವಳ ಸೊಂಟಕ್ಕೆ ಸುತ್ತಿ, ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಪ್ರಾರ್ಥನೆ ಮಾಡುತ್ತಿದ್ದಳಂತೆ. ಈಗ ಇಪ್ಪತ್ತೇಳು ತುಂಬಿದೆ, ಎರಡು ವರ್ಷದ ಟಿಲಿ ಎಂಬ ಮಗಳಿದ್ದಾಳೆ. ಆದರೂ ಕಾಫಿಯನ್ನು ನಡೆಯುತ್ತಲೇ ಕುಡಿಯುತ್ತಾಳೆ, ಫೋನಿನಲ್ಲಿ ಮಾತಾಡುತ್ತ ಸಾಕ್ಸ್ ಜೋಡಿಸುತ್ತಾಳೆ, ಟಿಲಿಯನ್ನು ತೊಡೆಯ ಮೇಲೆ ಮಲಗಿಸುವಾಗಲೂ ಅವಳ ಒಂದು ಪಾದ ನೆಲ ಕುಟ್ಟುತ್ತಲೇ ಇರುತ್ತದೆ.

ಅವಳನ್ನು ಬೆಳೆಸಿದ್ದು ಆ ಅಜ್ಜಿಯೇ. ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ಅಪ್ಪ ಲಾರಿ ಹಿಡಿದು ಹೋದ, ಅಮ್ಮ ಇನ್ನೊಬ್ಬನ ಕೈ ಹಿಡಿದು ಫ್ಲಾರಿಡಾಕ್ಕೆ ಹೋದಳು. ಉಳಿದದ್ದು ಐರೀನ್ ಅಜ್ಜಿ. ಪೆನ್ಸಿಲ್ವೇನಿಯಾದ ಈ ನದಿಯಂಚಿನ ಊರುಗಳಲ್ಲಿ ಸ್ಲೊವಾಕ್ ಮನೆಯ ಅಜ್ಜಿಯರನ್ನು ಕರೆಯುವಂತೆ ಅವಳನ್ನೂ ಎಲ್ಲರೂ ಬಾಬಾ ಎಂದೇ ಕರೆಯುತ್ತಾರೆ. ಬಾಬಾ ಮೊಮ್ಮಗಳಿಗೆ ಕಲಿಸಿದ್ದು ಎರಡು ಸಂಗತಿ. ಒಂದು, ಹಿಟ್ಟನ್ನು ನಾದಿದ ಮೇಲೆ ಅದನ್ನು ಅದರ ಪಾಡಿಗೆ ಬಿಡಬೇಕು. ಇದು ಬ್ರೆನ್ನಾಗೆ ಯಾವತ್ತೂ ಬರಲಿಲ್ಲ. ಇನ್ನೊಂದು, ಯಾರನ್ನೂ ಯಾವ ಪಕ್ಷ ಎಂದು ಕೇಳಬಾರದು.

"ಸಂಬಳ ಎಷ್ಟು ಅಂತ ಬೇಕಾದ್ರೆ ಕೇಳು, ಒದೆ ತಿಂದು ಬಾ," ಎನ್ನುತ್ತಿದ್ದಳು ಬಾಬಾ. "ಯಾವ ಪಕ್ಷ ಅಂತ ಮಾತ್ರ ಕೇಳ್ಬೇಡ. ನಮ್ಮಣ್ಣಂದಿರಿಬ್ರು ಈಸ್ಟರ್ ಊಟದ ಮೇಜಿನಲ್ಲಿ ಅದನ್ನ ಕೇಳ್ಕೊಂಡ್ರು. ಒಬ್ಬರ ಶವಪೆಟ್ಟಿಗೆಗೆ ಇನ್ನೊಬ್ರು ಹೆಗಲು ಕೊಡ್ಲಿಲ್ಲ."

ಇದು ಬಾಬಾಳ ಮನೆಯ ನಿಯಮ ಮಾತ್ರವಲ್ಲ, ಊರಿನದೇ. ಅಲ್ಲಿ ಅಕ್ಕಪಕ್ಕದವರು ಒಬ್ಬರ ಹಿಮ ಇನ್ನೊಬ್ಬರು ಎತ್ತಿಹಾಕುತ್ತಾರೆ, ಸತ್ತ ಮನೆಗೆ ಹಂದಿಮಾಂಸದ ಬೋಗುಣಿ ಹೊತ್ತು ತರುತ್ತಾರೆ, ಮೂಲವ್ಯಾಧಿಯ ಆಪರೇಷನ್ ಬಗ್ಗೆ ರಸ್ತೆಯಲ್ಲಿ ನಿಂತು ವಿವರವಾಗಿ ಹೇಳುತ್ತಾರೆ. ಪಕ್ಷದ ಮಾತು ಬಂದರೆ ಎಲ್ಲರಿಗೂ ಮನೆಯಲ್ಲಿ ಒಲೆಯ ಮೇಲಿಟ್ಟದ್ದು ನೆನಪಾಗುತ್ತದೆ.

ಬ್ರೆನ್ನಾ ವೃದ್ಧಾಶ್ರಮದಲ್ಲಿ ಬೆಳಗಿನ ಪಾಳಿಯ ಆಯಾ. ಆರು ಗಂಟೆಗೆ ಅಲ್ಲಿರಬೇಕು. ಗಂಡ ಗ್ಯಾರೆಟ್ ವಿದ್ಯುತ್ ಕಂಬಗಳ ಕೆಲಸದವನು, ಗಾಳಿ ಬೀಸಿದ ಕಡೆಗೆಲ್ಲ ಓಡಬೇಕು. ಇವರಿಬ್ಬರ ಸಂಸಾರ ನಡೆಯುತ್ತಿದ್ದದ್ದು ಊರ ಶಾಲೆಯ ಹಳೆಯ ಭಾಗದಲ್ಲಿದ್ದ ಒಂದು ಕೋಣೆಯ ದೆಸೆಯಿಂದ. ಅಲ್ಲಿ ಐದೂವರೆಗೆ ದೀಪ ಹತ್ತುತ್ತಿತ್ತು. ಪಾಳಿಗೆ ಹೋಗುವ ತಾಯಂದಿರು ನಿದ್ದೆಗಣ್ಣಿನ ಮಕ್ಕಳನ್ನು ಹೊದಿಕೆ ಸಮೇತ ತಂದು ಬಿಡುತ್ತಿದ್ದರು. ಟಿಲಿಯ ಮೊಲದ ಗೊಂಬೆಗೆ ಅಲ್ಲೇ ಒಂದು ಗೂಟವಿತ್ತು.

ಆ ಕೋಣೆಯ ಮೇಲೆ ಕೋಚ್ ಸ್ಟೆಂಗರ್ ಕಣ್ಣು ಬಿತ್ತು. ಊರಿನ ಅರ್ಧ ಗಂಡಸರಿಗೆ ಕುಸ್ತಿ ಕಲಿಸಿದ ಮನುಷ್ಯ ಆತ, ಗ್ಯಾರೆಟ್‌ನಿಗೂ ಕಲಿಸಿದ್ದ. ಶಾಲಾ ಮಂಡಳಿಯಲ್ಲಿ ಒಂದು ಜಾಗ ಖಾಲಿಯಾದಾಗ ಅದರ ಚುನಾವಣೆಗೆ ನಿಂತು, ಆ ಕೋಣೆಗೆ ಕುಸ್ತಿಯ ಹಾಸು ಹಾಸಿಸುತ್ತೇನೆ ಎಂದು ಹೇಳಿಕೊಂಡು ತಿರುಗಿದ. ಮಂಡಳಿ ಸರಿಯಾಗಿ ಎರಡು ಹೋಳಾಗಿತ್ತು. ಗೆದ್ದವನು ಯಾವ ಕಡೆ ವಾಲುತ್ತಾನೋ ಕೋಣೆ ಆ ಕಡೆಗೆ.

ಯಾರೂ ಎದುರು ನಿಲ್ಲಲಿಲ್ಲ. ಕೊನೆಗೆ ಬ್ರೆನ್ನಾ ನಿಂತಳು. "ಕೂತಿರೋಕಂತೂ ಬರಲ್ಲ, ನಿಂತಾದ್ರೂ ನೋಡ್ತೀನಿ," ಅಂದಳು. ಬಾಬಾ ತಲೆ ಚಚ್ಚಿಕೊಂಡಳು.

ಅಲ್ಲಿ ನವೆಂಬರ್ ಓಟು ಹೆಸರಿಗೆ. ಆ ಕಣಿವೆಯಲ್ಲಿ ಒಂದೇ ಪಕ್ಷ ನಡೆಯುವುದು. ಆ ಪಕ್ಷ ಮೇ ತಿಂಗಳಲ್ಲಿ ತನ್ನೊಳಗೇ ಓಟು ಹಾಕಿಸಿ ಯಾರನ್ನು ಆರಿಸುತ್ತದೋ ಅವರಿಗೆ ನವೆಂಬರಿನಲ್ಲಿ ಎದುರಾಳಿಯೇ ಇರುವುದಿಲ್ಲ. ಆದರೆ ಮೇ ಓಟಿಗೆ ಬರುವವರೆಲ್ಲ ಊರುಗೋಲಿನವರು. ಮೊಣಕಾಲು ಬದಲಾಯಿಸಿಕೊಂಡವರು, ಕಿವಿಗೆ ಯಂತ್ರ ಇಟ್ಟವರು, ಕೋಚ್ ಜೊತೆ ಓದಿದವರು. ಬ್ರೆನ್ನಾ ಲೆಕ್ಕ ಸುಲಭದ್ದು. ತನ್ನ ವಯಸ್ಸಿನವರನ್ನು ಒಂದಿಷ್ಟು ಎಬ್ಬಿಸಿ ತಂದರೆ ಸಾಕು.

ಏಪ್ರಿಲ್ ಪೂರ್ತಿ ಟಿಲಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅವಳು ಮನೆಮನೆ ತಿರುಗಿದಳು. ಚೀಲದಲ್ಲಿ ಒದ್ದೆ ಬಟ್ಟೆ, ಬಿಸ್ಕತ್ತು, ಬದಲಿ ಚಡ್ಡಿ, ತನ್ನ ಹೆಸರಿನ ಚೀಟಿಗಳು.

"ಬರ್ತೀಯಾ?"

"ಬರ್ದೆ ಏನು! ಆದ್ರೆ ಓಟು ನವೆಂಬರ್‌ನಲ್ಲಿ ಅಲ್ವಾ?"

"ಅದು ಬೇರೆ. ಇದು ಮೇ ತಿಂಗಳದ್ದು. ಅಗ್ನಿಶಾಮಕದ ಹಾಲ್‌ನಲ್ಲಿ. ಬಾಬಾ ಆಲೂಗಡ್ಡೆ ತುಂಬಿ ಪಿರೋಗಿ ಕಡುಬು ಮಾಡ್ತಾಳೆ."

"ಬಾಬಾ ಪಿರೋಗಿನಾ? ಹಾಗಾದ್ರೆ ಖಂಡಿತ!"

ಹೀಗೆ ಎಲ್ಲರೂ ಒಪ್ಪಿದರು. ಬರುತ್ತೀಯಾ ಎಂದು ಕೇಳಿದಳು, ಎಷ್ಟು ಹೊತ್ತಿಗೆ ಎಂದು ಕೇಳಿದಳು, ಕಾರು ಕಳಿಸಲೇ ಎಂದೂ ಕೇಳಿದಳು. ಕೇಳಬಾರದ್ದನ್ನು ಮಾತ್ರ ಕೇಳಲಿಲ್ಲ.

ಮತದಾನದ ದಿನ ಹಾಲ್‌ನ ಬಾಗಿಲಿನಿಂದ ಹತ್ತಡಿ ದೂರಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ಅಭ್ಯರ್ಥಿಗಳು ಅದರಾಚೆ ನಿಲ್ಲಬೇಕು. ಕೋಚ್ ಮಡಿಸುವ ಕುರ್ಚಿ ತಂದು ಆರಾಮವಾಗಿ ಕೂತಿದ್ದ. ಬ್ರೆನ್ನಾ ಗೆರೆಯುದ್ದಕ್ಕೂ ಓಡಾಡುತ್ತಿದ್ದಳು.

"ಕೂತ್ಕೊಳ್ಳಮ್ಮ," ಅಂದ ಕೋಚ್. "ನಿನ್ನ ನೋಡಿ ನಂಗೆ ಏದುಸಿರು ಬರ್ತಿದೆ."

"ಪರವಾಗಿಲ್ಲ ಕೋಚ್. ನಿಮ್ಮ ಪಾಲಿಂದೂ ನಾನೇ ನಡೀತೀನಿ."

ಬೆಳಿಗ್ಗೆಯಿಂದ ಬಂದವರೆಲ್ಲ ನರೆತ ತಲೆಗಳೇ. ಅವರು ಕೋಚ್ ಭುಜ ತಟ್ಟುತ್ತಿದ್ದರು, ಬ್ರೆನ್ನಾಳ ಕೆನ್ನೆ ಹಿಂಡುತ್ತಿದ್ದರು. ಹಾಗೆ ಹಿಂಡಿದ ಎಷ್ಟೋ ಅಜ್ಜಿಯರು ಅವಳಿಗೇ ಓಟು ಹಾಕಿದ್ದರೆಂದು ಆಮೇಲೆ ತಿಳಿಯಿತು. ಬಾಬಾ ಅಡಿಗೆ ಕಿಟಕಿಯಲ್ಲಿ ನಿಂತು ಬಂದವರಿಗೆಲ್ಲ ಪಿರೋಗಿಯನ್ನೂ ಬೆಣ್ಣೆಯಲ್ಲಿ ಹುರಿದ ಎಲೆಕೋಸನ್ನೂ ಬಡಿಸುತ್ತ ಅವರ ಕಿವಿಯಲ್ಲಿ ಏನು ಉಸುರುತ್ತಿದ್ದಳೋ, ಅದು ಅವಳಿಗೂ ದೇವರಿಗೂ ಗೊತ್ತು. ಬ್ರೆನ್ನಾಳ ಫೋನು ಮಾತ್ರ ನಡುಗುತ್ತಲೇ ಇತ್ತು. ಹೊರಟಿದ್ದೇನೆ. ಅರ್ಧ ಗಂಟೆ. ಪಾಳಿ ಮುಗಿಯಲಿ. ಮಗು ಮಲಗಿದೆ. ಇವತ್ತೇನಾ, ನಾಳೆ ಅಂದುಕೊಂಡಿದ್ದೆ. ಅವಳ ಗೆಳತಿ ಕೆಸ್, ತನ್ನ ಅವಳಿಗಳನ್ನು ಅದೇ ಕೋಣೆಯಲ್ಲಿ ಬಿಡುವವಳು, ಬಂದೇ ಬರುತ್ತೇನೆಂದು ಮೂರು ಸಲ ಬರೆದಳು. ಬರಲಿಲ್ಲ.

ಸಂಜೆ ಗ್ಯಾರೆಟ್‌ನ ಪಿಕಪ್ ಗಾಡಿ ಬಂದು ನಿಂತಿತು. ಒಳಗಿಂದ ಅವನೂ ಅವನ ಕೆಲಸದ ಗೆಳೆಯರೂ ಧೂಳು ಕೊಡವಿಕೊಂಡು ಇಳಿದರು. ಬ್ರೆನ್ನಾಗೆ ಅಳು ಬರುವುದೊಂದು ಬಾಕಿ. ಗ್ಯಾರೆಟ್ ಟೋಪಿ ತೆಗೆದು ಅವಳ ತಲೆಗೆ ಹಾಕಿ, "ಮೇಡಂ, ನಮ್ಮ ರಸ್ತೆ ಗುಂಡಿ ಯಾವಾಗ ಮುಚ್ತೀರಿ?" ಎಂದು ರೇಗಿಸಿ ಒಳಗೆ ಹೋದ.

ಟೋಪಿ ಸರಿಮಾಡಿಕೊಳ್ಳುವಷ್ಟರಲ್ಲಿ ಎಲ್ಲರೂ ಹೊರಗೆ ಬಂದರು.

"ಇಷ್ಟು ಬೇಗ?"

ಗ್ಯಾರೆಟ್ ಮುಖ ಕೆಂಪಾಗಿತ್ತು. "ಓಟು ಹಾಕೋಕೆ ಬಿಡಲ್ವಂತೆ."

"ಯಾರು?"

"ಒಳಗೆ ಮೇಜಿನ ಹತ್ರ ಕೂತಿರೋ ಡಾಟಿ. ಮತದಾರರ ಪುಸ್ತಕ ನೋಡಿ ಹೇಳಿದ್ಲು, ನೀನು ಯಾವ ಪಕ್ಷದವನೂ ಅಲ್ವಲ್ಲೋ, ಮೇ ಓಟು ಪಕ್ಷದೋರಿಗೆ ಮಾತ್ರ, ನವೆಂಬರ್‌ಗೆ ಬಾ ಅಂತ. ಇವರಿಗೂ ಅದೇ."

ಬ್ರೆನ್ನಾ ಅವನನ್ನೇ ನೋಡಿದಳು. ಮದುವೆಯಾಗಿ ನಾಲ್ಕು ವರ್ಷ. ಅವನ ಕಾಲ್ಬೆರಳಿನ ಉಗುರು ಯಾವ ಕಡೆ ಸೊಟ್ಟ ಬೆಳೆಯುತ್ತದೆಂದು ಗೊತ್ತು. ಇದು ಗೊತ್ತಿರಲಿಲ್ಲ.

"ಯಾವ ಪಕ್ಷನೂ ಅಲ್ವಾ ನೀನು?"

"ಹದಿನೆಂಟಕ್ಕೆ ಲೈಸೆನ್ಸ್ ಮಾಡಿಸುವಾಗ ಓಟರ್ ಪಟ್ಟಿಗೂ ಹೆಸರು ಬರ್ಕೊಂಡು, ಯಾವ ಪಕ್ಷ ಅಂತ ಕೇಳಿದ್ರು. ಯಾವುದೂ ಬೇಡ ಅಂತ ಹಾಕ್ದೆ. ನಾನು ಯಾರ ಮಂದೆಯ ಕುರೀನೂ ಅಲ್ಲ ಅಂತ." ಅವನ ದನಿ ಸಣ್ಣಗಾಯಿತು. "ಆಗ ಅದು ದೊಡ್ಡ ಗಂಡಸ್ತನ ಅನ್ನಿಸಿತ್ತು ಕಣೇ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಕೇಳ್ಲೇ ಇಲ್ವಲ್ಲ."

ಹೌದು, ಕೇಳಿರಲಿಲ್ಲ. ಅವನನ್ನೂ ಕೇಳಿರಲಿಲ್ಲ, ಏಪ್ರಿಲ್ ಪೂರ್ತಿ ತಟ್ಟಿದ ಒಂದು ಬಾಗಿಲಲ್ಲೂ ಕೇಳಿರಲಿಲ್ಲ. ಅವಳ ಓರಗೆಯವರೆಲ್ಲ ಹದಿನೆಂಟಕ್ಕೆ ಅದೇ ಕೌಂಟರಿನ ಮುಂದೆ ನಿಂತವರು, ಹೆಚ್ಚಿನವರು ಅದೇ ಹೆಮ್ಮೆಯಿಂದ ಬೇಡ ಎಂದವರು. ಅವಳಿಂದ ಮಾತ್ರ ಬಾಬಾ ಕಿವಿ ಹಿಡಿದು ಪಕ್ಷದ ಹೆಸರು ಹಾಕಿಸಿದ್ದಳು. ಈಗ ಬದಲಾಯಿಸೋಣವೆಂದರೆ ಗಡುವು ಯಾವಾಗಲೋ ದಾಟಿದೆ. ಫೋನು ಮತ್ತೆ ನಡುಗಿತು. ಯಾರೋ ಹೊರಟಿದ್ದರು. ಬರಬೇಡ ಎಂದು ಬರೆಯಬೇಕೋ, ಬಾ ಎನ್ನಬೇಕೋ ತಿಳಿಯದೆ ಬ್ರೆನ್ನಾ ಆ ಗೆರೆಯ ಮೇಲೆ ನಿಂತಳು. ಅವಳು ಅಲುಗಾಡದೆ ನಿಂತದ್ದನ್ನು ಊರು ಅವತ್ತೇ ಮೊದಲು ನೋಡಿದ್ದು. ಕೋಚ್ ಎದ್ದು ಬಂದು ತನ್ನ ಕುರ್ಚಿ ಅವಳ ಹಿಂದೆ ಇಟ್ಟ. ಅವಳು ಕೂರಲಿಲ್ಲ.

ಅಂಚೆಯ ಓಟುಗಳನ್ನೂ ಸೇರಿಸಿ ಎಣಿಸಿದಾಗ ಇಬ್ಬರಿಗೂ ಸರಿಸಮ.

ಒಂದು ಓಟು. ಗ್ಯಾರೆಟ್‌ನದೋ, ಅವನ ಗೆಳೆಯರಲ್ಲಿ ಒಬ್ಬನದೋ, ಕೆಸ್‌ಳದೋ. ಯಾರದಾದರೂ ಒಂದು. ಆ ವಾರ ಬ್ರೆನ್ನಾ ವೃದ್ಧಾಶ್ರಮದಲ್ಲಿ ಒಬ್ಬರ ಹಲ್ಲಿನ ಸೆಟ್ಟನ್ನು ಇನ್ನೊಬ್ಬರ ಲೋಟಕ್ಕೆ ಹಾಕಿದಳು, ಟಿಲಿಗೆ ಎರಡು ಎಡಗಾಲಿನ ಬೂಟು ತೊಡಿಸಿದಳು. ಗ್ಯಾರೆಟ್ ಕೇಳದೆಯೇ ಪಾತ್ರೆ ತೊಳೆದ, ಕೇಳದೆಯೇ ಹುಲ್ಲು ಕತ್ತರಿಸಿದ. ತಪ್ಪು ಮಾಡಿದ ಗಂಡಸಿಗೆ ಮನೆಯಲ್ಲಿ ಎಷ್ಟೊಂದು ಕೆಲಸ ಕಾಣುತ್ತದೆ!

ಸಮವಾದರೆ ಅಲ್ಲಿ ಮತ್ತೆ ಓಟು ಹಾಕಿಸುವುದಿಲ್ಲ, ಚೀಟಿ ಎತ್ತುವಂತೆ ಮರದ ಗುಂಡು ಎತ್ತಿಸುತ್ತಾರೆ. ಕೌಂಟಿಯ ಕಚೇರಿಯಲ್ಲಿ ಮೇಜಿನ ಮೇಲೆ ಒಂದು ಚರ್ಮದ ಬಾಟಲಿ ಇಟ್ಟಿದ್ದರು, ಹೊಟ್ಟೆ ದಪ್ಪ, ಕತ್ತು ಸಣ್ಣ. ಒಳಗೆ ಒಂದರಿಂದ ಹತ್ತರವರೆಗೆ ಅಂಕಿ ಬರೆದ ಮರದ ಗುಂಡುಗಳು. ಚಿಕ್ಕ ಅಂಕಿ ಬಂದವರು ಗೆದ್ದಂತೆ.

ಕೋಚ್ ಮೊದಲು ಅಲ್ಲಾಡಿಸಿ ಬಗ್ಗಿಸಿದ. ಏಳು ಬಿತ್ತು.

"ಥೂ," ಅಂದ ಅವನು, ಮಗುವಿನ ಹಾಗೆ.

ಏಳು ದೊಡ್ಡದು. ಅದಕ್ಕಿಂತ ಚಿಕ್ಕದು ಎಷ್ಟೊಂದಿವೆ! ಬ್ರೆನ್ನಾ ಕೈ ಚಾಚಿದಳು. ಬಾಟಲಿ ಕೈಗೆ ತೆಗೆದುಕೊಂಡು ಕುಲುಕಿದಳು. ಕುಲುಕುತ್ತಲೇ ಇದ್ದಳು. ಗುಂಡುಗಳು ಒಳಗೆ ಗಡಗಡ ಎನ್ನುತ್ತಿದ್ದವು.

"ಸಾಕಮ್ಮ, ಬಗ್ಗಿಸು," ಅಂದ ಗುಮಾಸ್ತ. ಅವಳು ಇನ್ನೂ ಎರಡು ಸಲ ಕುಲುಕಿ ಬಗ್ಗಿಸಿದಳು.

ಒಂಬತ್ತು.

ಕೋಚ್ ಕೈ ಕುಲುಕಲು ಬಂದ. "ನಂಗೆ ಇದು ಗೆಲುವು ಅನ್ನಿಸ್ತಾ ಇಲ್ಲಮ್ಮ," ಅಂದ. ಸುಳ್ಳು ಹೇಳುವ ಮನುಷ್ಯನಲ್ಲ. "ಆದ್ರೆ ಹುಡುಗರಿಗೆ ಮಾತು ಕೊಟ್ಟಿದೀನಿ."

"ನಾನೂ ಮಕ್ಕಳಿಗೆ ಕೊಟ್ಟಿದ್ದೆ ಕೋಚ್," ಅಂದಳು ಬ್ರೆನ್ನಾ.

ಹಿಂತಿರುಗುವಾಗ ಗಾಡಿಯಲ್ಲಿ ಗ್ಯಾರೆಟ್ ರೇಡಿಯೊ ಆರಿಸಿದ. ಆಮೇಲೆ, "ಬೈಯ್ಯೇ," ಅಂದ.

"ಬೈಯೋಕೆ ಪುರುಸೊತ್ತಿಲ್ಲ. ಟಿಲೀನ ಎಲ್ಲಿ ಬಿಡೋದು ಅಂತ ಯೋಚಿಸ್ತಿದೀನಿ."

ನವೆಂಬರ್ ಹೆಸರಿಗೆ ಬಂದು ಹೋಯಿತು. ಆ ಓಟಿಗೆ ಎಲ್ಲರೂ ಬಂದರು, ಕೆಸ್ ಕೂಡ. ಚೀಟಿಯಲ್ಲಿ ಕೋಚ್ ಹೆಸರೊಂದೇ ಇತ್ತು. ಹೊಸ ವರ್ಷದ ಚಳಿಯಲ್ಲಿ ಕೋಣೆ ಮುಚ್ಚಿದರು. ಗೂಟದಿಂದ ಮೊಲವನ್ನು ಬಿಡಿಸಿಕೊಂಡು ಬರಲು ಬ್ರೆನ್ನಾ ಹೋದಾಗ ಹೊಸ ಹಾಸು ಆಗಲೇ ಬಂದಿತ್ತು, ನೀಲಿ ಬಣ್ಣದ್ದು. ಟಿಲಿ ಅದರ ಮೇಲೆ ಉರುಳಾಡಿ ಖುಷಿಪಟ್ಟಳು. ಕೆಸ್ ಕೆಲಸ ಬಿಟ್ಟಳು. ಬ್ರೆನ್ನಾ ಬಿಡಲಿಲ್ಲ, ಏಕೆಂದರೆ ಬಾಬಾ ತನ್ನ ಊದಿದ ಮೊಣಕಾಲು ಕಟ್ಟಿಕೊಂಡು, ಕತ್ತಲಿರುವಾಗಲೇ ಎದ್ದು ಟಿಲಿಯನ್ನು ನೋಡಿಕೊಳ್ಳಲು ನಿಂತಳು. ಎಪ್ಪತ್ತೆಂಟರ ವಯಸ್ಸಿನಲ್ಲಿ ಎರಡು ವರ್ಷದವಳ ಹಿಂದೆ ಓಡುವುದೆಂದರೆ ಏನೆಂದು ಓಡಿದವರಿಗೇ ಗೊತ್ತು. ಟಿಲಿ ತಾಯಿಯ ಮಗಳು, ನಿಂತಲ್ಲಿ ನಿಲ್ಲುವವಳಲ್ಲ. ಬಾಬಾ ಕೋಟಿನ ಬೆಲ್ಟು ಮತ್ತೆ ಹೊರಗೆ ಬಂತು.

ಬ್ರೆನ್ನಾ ಮಾತ್ರ ಬದಲಾದಳು. ಅಂಗಡಿಯ ಸಾಲಿನಲ್ಲಿ, ಮಗುವಿನ ನಾಮಕರಣದಲ್ಲಿ, ಯಾರದೋ ಮದುವೆಯ ಕುಣಿತದ ನಡುವೆ, ತನ್ನ ವಯಸ್ಸಿನವರು ಸಿಕ್ಕಲ್ಲೆಲ್ಲ ಕೇಳತೊಡಗಿದಳು, "ನೀನು ಯಾವ ಪಕ್ಷ?" ಕೆಲವರು ನಕ್ಕರು. ಕೆಲವರು ಮುಖ ತಿರುಗಿಸಿದರು. ಮದುಮಗಳ ಅಮ್ಮ ಇಂಥವಳನ್ನು ಕರೆಯಬಾರದಿತ್ತು ಎಂದಳಂತೆ. ಬಾಬಾ ನಾಚಿಕೆಪಟ್ಟು, "ನಾನು ಬೆಳೆಸಿದ್ದು ಇದಕ್ಕೇನೇ?" ಎಂದು ಹಿಡಿಶಾಪ ಹಾಕಿದಳು.

ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಹಾಲ್‌ನಲ್ಲಿ ಮೀನಿನ ಊಟ. ಅಂಥದೊಂದು ಶುಕ್ರವಾರ ಬಾಬಾ ಕಿಟಕಿಯಲ್ಲಿದ್ದಳು, ಟಿಲಿ ಬೆಲ್ಟಿನ ತುದಿಯಲ್ಲಿ ಕುಣಿಯುತ್ತಿದ್ದಳು. ಬ್ರೆನ್ನಾ ತಟ್ಟೆ ಒಯ್ಯುತ್ತ ಒಳಕ್ಕೂ ಹೊರಕ್ಕೂ ಓಡಾಡುತ್ತಿದ್ದಳು. ಸಾಲಿನಲ್ಲಿ ಗ್ಯಾರೆಟ್‌ನ ಗೆಳೆಯನೊಬ್ಬ ಬಂದ, ಆ ಸಂಜೆ ಒಳಗೆ ಹೋಗಿ ಹಾಗೇ ಬಂದವರಲ್ಲಿ ಒಬ್ಬ.

"ಬಾಬಾ, ಎಲೆಕೋಸು ಸ್ವಲ್ಪ ಜಾಸ್ತಿ ಹಾಕು."

ಬಾಬಾ ಸೌಟು ತುಂಬಿ ಎತ್ತಿದಳು. ತಟ್ಟೆಯ ಮೇಲೆ ಹಿಡಿದಳು. ಹಾಕಲಿಲ್ಲ. ಸೌಟಿನಿಂದ ಬೆಣ್ಣೆ ತೊಟ್ಟಿಕ್ಕುತ್ತಿತ್ತು. ಅತ್ತ ಇತ್ತ ನೋಡಿದಳು, ಗಂಟಲು ಸರಿಮಾಡಿಕೊಂಡಳು, ಹುಡುಗನ ಕಡೆ ಬಾಗಿದಳು.

"ಯಾವ ಪಕ್ಷಾನೋ ನೀನು?"

ಹುಡುಗ ಬಾಯಿ ತೆರೆದು ನಿಂತ. ತಟ್ಟೆ ಹೊತ್ತ ಬ್ರೆನ್ನಾಳೂ ಬಾಗಿಲಲ್ಲಿ ನಿಂತಳು.

"ಇನ್ನೂ... ಯಾವುದೂ ಇಲ್ಲ ಬಾಬಾ."

"ಹಾಗಾದ್ರೆ ಮೇ ಬರೋ ಮುಂಚೆ ಹೋಗಿ ಬದಲಾಯಿಸ್ಕೊಂಡು ಬಾ," ಅಂದಳು ಬಾಬಾ, ಮೊಣಕಾಲು ಉಜ್ಜಿಕೊಳ್ಳುತ್ತ. "ಯಾವುದಕ್ಕೆ ಅಂತ ನಂಗೆ ಹೇಳ್ಬೇಡ. ಅದು ಕೇಳೋದು ಮರ್ಯಾದೆ ಅಲ್ಲ." ಸೌಟು ಬಗ್ಗಿಸಿದಳು. "ಹೂಂ, ಮುಂದಿನವನು ಯಾರು?"