ಅರ್ಜೆಂಟೀನಾದ ಕಥೆಯನ್ನು ನಾನು ಬದಲಿಸಿದ್ದು

ನನ್ನ ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುವುದು ಬೆಳಗಾವಿಯ ಹೈಸ್ಕೂಲು ಕಲಿಸಿದಷ್ಟು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಅರ್ಜೆಂಟೀನಾದ ಧಾರಾವಾಹಿ ನೋಡುತ್ತೇವೆ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅವಳಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಇಲ್ಲೇ ಪುಣೆಯ ಖರಾಡಿಯಲ್ಲಿರುವ ಮಗಳು ಟಿವಿಗೆ ಏನೋ ಜೋಡಿಸಿ ಕೊಟ್ಟಿದ್ದಳು. ಒಂದು ದಿನ ರಿಮೋಟು ಒತ್ತುತ್ತ ಒತ್ತುತ್ತ ಆ ದೇಶಕ್ಕೆ ಹೋಗಿಬಿಟ್ಟೆವು. ಅಲ್ಲಿಯ ಜನ ಜಗಳವಾಡುತ್ತಲೇ ಬಡಿಸುತ್ತಾರೆ, ಅತ್ತೆಯಂದಿರು ಎಲ್ಲದರಲ್ಲೂ ಬಾಯಿ ಹಾಕುತ್ತಾರೆ. ಇವಳಿಗೆ ಹಿಡಿಸಿತು.

“ಅದೇನ್ರಿ, ಬುರುಡಿಗೆ ನಳಿಗಿ ಹಾಕಿ ಹೀರ್ತಾರ? ಹುಕ್ಕಾ ಏನು?”

“ಒಂದ ನಮೂನಿ ಚಹಾ ಅಂತ.”

“ಒಂದ ನಳಿಗಿ ಎಲ್ಲಾರೂ ಬಾಯಾಗ ಇಟ್ಕೊಳ್ಳೋದ? ಎಂಜಲಾ ಅಂಬೋದ ಇಲ್ಲ ಬಿಡ್ರಿ ಇವರಿಗೆ.”

ಆ ಕಥೆಗಳಲ್ಲಿ ಮುಖ ನೋಡಿ ಯಾರು ಕೆಟ್ಟವರೆಂದು ಹೇಳಲಾಗುವುದಿಲ್ಲ. ಕೊಲೆ ಮಾಡಿದವನನ್ನೂ ಒಬ್ಬಳು ಪ್ರೀತಿಸುತ್ತಿರುತ್ತಾಳೆ. ಹೋದ ವರ್ಷ ನೋಡಿದ ಒಂದರಲ್ಲಿ ಗೋದಾಮಿನ ಕಾವಲುಗಾರನೊಬ್ಬ ತನ್ನ ಗೆಳೆಯನ ವಿರುದ್ಧ ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳುತ್ತಾನೆ. ಗೆಳೆಯನ ಹೆಂಡತಿಯ ಮೇಲೆ ಅವನಿಗೆ ಮನಸ್ಸು. ನಾನು ಆ ಸಾಲು ಓದಿಕೊಂಡೆ. ಇವಳಿಗೆ ಹೇಳಿದ್ದು, “ಕಂಡದ್ದು ಕಂಡಂಗ ಹೇಳಿದ” ಎಂದು.

ಯಾಕೆ ಹಾಗೆ ಹೇಳಿದೆನೆಂದು ಬರೆಯುತ್ತೇನೆ. ಬಹಳ ವರ್ಷಗಳ ಹಿಂದೆ ನಾನು ಪುಣೆಯ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತನಾಗಿದ್ದೆ. ಹೆಂಡತಿಯ ತಮ್ಮನನ್ನು ಅಲ್ಲಿಯ ಪ್ರೆಸ್ ಯಂತ್ರಕ್ಕೆ ನಾನೇ ಸೇರಿಸಿದ್ದೆ. ಎರಡು ಕೈಗಳಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಆ ಯಂತ್ರ ಇಳಿಯಬೇಕು. ಕೈ ಒಳಗೆ ಉಳಿಯದಿರಲೆಂದು ಹಾಗೆ ಮಾಡಿದ್ದು. ಕೆಲಸ ಬೇಗ ಸಾಗಲೆಂದು ಸೂಪರ್‌ವೈಜರ್ ಒಂದು ಗುಂಡಿ ಒತ್ತಿಯೇ ಇರುವಂತೆ ಅದಕ್ಕೆ ಪಟ್ಟಿ ಬಿಗಿಸಿದ್ದ. ಬಿಗಿಸುವುದನ್ನು ನಾನು ನಿಂತು ನೋಡಿದ್ದೆ. ಮೂರನೆಯ ದಿನ ಹುಡುಗನ ಬಲಗೈಯ ಎರಡು ಬೆರಳು ಹೋದವು. ಅವನಿನ್ನೂ ದವಾಖಾನೆಯಲ್ಲಿದ್ದಾಗಲೇ ನಡೆದ ವಿಚಾರಣೆಯಲ್ಲಿ, ಪಟ್ಟಿ ಬಿಗಿದವನು ಆ ಹುಡುಗನೇ ಎಂಬ ಹೇಳಿಕೆಗೆ ನಾನು ಸಹಿ ಹಾಕಿದೆ. ನನ್ನನ್ನು ಕಾಯಂ ಮಾಡುವ ಮಾತು ಆಗ ನಡೆದಿತ್ತು. ಕಾಯಂ ಆದೆ. ಅವನನ್ನು ತೆಗೆದರು.

ಅವನು ಮನೆಯಲ್ಲಿ ಸೂಪರ್‌ವೈಜರನ ಹೆಸರು ಹೇಳಿದ. “ಹೌದೇನ್ರಿ?” ಎಂದು ಇವಳು ನನ್ನನ್ನು ಕೇಳಿದಳು. “ತಪ್ಪು ಮಾಡಿದವ್ರು ಹಂಗ ಅಂತಾರ” ಎಂದೆ. ಇವಳು ನನ್ನನ್ನು ನಂಬಿದಳು. ಆಮೇಲೆ ಪ್ರತಿ ದೀಪಾವಳಿಯ ಭಾವುಬೀಜಕ್ಕೆ ತಮ್ಮನಿಗೆ ಆರತಿ ಮಾಡಿ, ಅವನ ಮಕ್ಕಳ ಎದುರಿಗೇ, “ಧಡ್ಡಾ, ಮಷೀನಿನ ಜೋಡಿ ಆಟಾ ಆಡಿ ಕೈ ಕಳಕೊಂಡಿ” ಎಂದು ಬೈಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕರ್ಜಿಕಾಯಿ ತಿನ್ನುತ್ತಿದ್ದೆ.

ಧಾರಾವಾಹಿಯಲ್ಲಿ ನಾನು ಹೇಳಿದ ಒಂದು ಸುಳ್ಳಿಗೆ ಹತ್ತು ಬೇಕಾದವು.

“ಖರೇ ಹೇಳಿದ್ರ ಆ ಗೆಳೆಯಾ ಯಾಕ ಜೈಲಿನ್ಯಾಗ ಅದಾನ?”

“ಜಡ್ಜ ಲಂಚ ತಿಂದಾನ.”

“ಮತ್ತ ಈ ಕಾವಲುಗಾರ ಯಾಕ ಅಳ್ತಾನ?”

“ಗೆಳೆಯಾನ ಸಂಕಟಾ ನೋಡಲಾರದ.”

ಹೀಗೆ ಎಂಟು ಕಂತು ಸಾಗಿಸಿದೆ. ಕೊನೆಯ ಕಂತಿನಲ್ಲಿ ಕಾವಲುಗಾರ ಜೈಲಿಗೆ ಹೋಗಿ ಗೆಳೆಯನ ಎದುರು ಕೂತು ಏನೋ ಸಣ್ಣದಾಗಿ ಹೇಳಿದ. ಗೆಳೆಯ ಎದ್ದು ಅವನ ಮುಖಕ್ಕೆ ಉಗುಳಿದ. ಇವಳು ರಿಮೋಟು ಕಸಿದುಕೊಂಡು ಚಿತ್ರವನ್ನು ಹಿಂದಕ್ಕೆ ಓಡಿಸಿ ಕಾವಲುಗಾರನ ಮಾತಿಗೆ ನಿಲ್ಲಿಸಿದಳು.

“ಇಷ್ಟು ಒಳ್ಳೇವ್ನ ಮ್ಯಾಲೆ ಯಾರರ ಉಗುಳ್ತಾರೇನ್ರಿ? ಏನ ಬರದೈತಿ ಸರಿಯಾಗಿ ಓದ್ರಿ.”

ಈ ಸಲ ಇದ್ದದ್ದನ್ನೇ ಓದಿದೆ. “ನಾನು ಸುಳ್ಳು ಹೇಳಿದೆ” ಎಂದಿತ್ತು. ಓದಿದ ಮೇಲೆ ನಿಲ್ಲಿಸಲಾಗಲಿಲ್ಲ, ಚಾಕಣದ್ದನ್ನೂ ಹೇಳಿದೆ.

ಅವಳು ರಿಮೋಟು ಕೆಳಗಿಟ್ಟಳು. ಆಮೇಲೆ, “ನನ್ನ ಬಾಯಿಲೆ ನನ್ನ ತಮ್ಮನ್ನ ಬೈಸಿದ್ರಿ” ಎಂದಳು. ಎದ್ದು ಸೀರೆ ಬದಲಿಸಿದಳು. “ನಡೀರಿ, ರಿಕ್ಷಾ ಕರೀರಿ. ನಾ ಹೇಳಾಂಗಿಲ್ಲ, ನೀವ ಹೇಳಬೇಕು.”

ಅವಳ ತಮ್ಮ ಪುಣೆಯ ಸದಾಶಿವ ಪೇಠ ಬಡಾವಣೆಯಲ್ಲಿ ಕೋಚಿಂಗ್ ಕ್ಲಾಸುಗಳ ನಡುವೆ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅಕ್ಕನ ಗಂಡನಾದ ನನ್ನನ್ನು ಮರಾಠಿಯವರಂತೆ ದಾಜಿ ಎನ್ನುತ್ತಾನೆ. ಗಿರಾಕಿಗಳು ಹೋಗುವವರೆಗೆ ನಿಂತಿದ್ದು ಎಲ್ಲವನ್ನೂ ಹೇಳಿದೆ. ಅವನು ಕಾಗದದ ಅಂಚುಗಳನ್ನು ಮೂರು ಬೆರಳಿನಿಂದ ತಟ್ಟಿ ಸಮ ಮಾಡುತ್ತಿದ್ದ.

“ನಂಗೇನ ಹೇಳ್ತೀರಿ ದಾಜಿ? ಪಟ್ಟಿ ಯಾರು ಕಟ್ಟಿದ್ರು ನಂಗೊತ್ತಿಲ್ಲೇನು?” ಎಂದ. “ನನ್ನ ಮಕ್ಕಳು ಅಪ್ಪ ಧಡ್ಡ ಅನ್ನೋದ ಕೇಳ್ಕೋತ ದೊಡ್ಡವ್ರಾಗ್ಯಾರ. ರವಿವಾರ ಬರ್ರಿ. ಅವರಿಗೆ ಹೇಳ್ರಿ.”

ರವಿವಾರ ಹೋದೆ. ಅವನ ಮಗ ಮಗಳು ಇಬ್ಬರೂ ಈಗ ನೌಕರಿಯಲ್ಲಿದ್ದಾರೆ. ಎದುರಿಗೆ ಕೂತು ಕೇಳಿದರು. ಮಗಳು ಒಂದೇ ಪ್ರಶ್ನೆ ಕೇಳಿದಳು.

“ಮಾಮಾ, ಅಪ್ಪ ದವಾಖಾನ್ಯಾಗ ಇದ್ದಾಗ ನೋಡಾಕ ಬಂದಿದ್ರೇನು?”

“ದಿನಾ ಬರ್ತಿದ್ದೆ. ಊಟದ ಡಬ್ಬಿ ನಾನ ತರ್ತಿದ್ದೆ.”

ಅವಳು ತಲೆಯಾಡಿಸಿ, ನನ್ನ ಮುಂದಿದ್ದ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು. ನಾನಿನ್ನೂ ಅದನ್ನು ಮುಟ್ಟಿರಲಿಲ್ಲ.