ಕಿರುಬೆರಳು ಬೇಡದ ಟೈಪ್ ಮಷೀನು

ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಒಂದು ಕಚೇರಿಗೆ ಹಂಗಾಮಿ ಟೈಪಿಸ್ಟ್ ಆಗಿ ಬಂದವಳು ನಾನು. ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಹಿರಿಯೂರಿನ ಅಣ್ಣನ ಮನೆಯ ಮೂಲೆ. ಆ ಮೂಲೆಗೆ ಮರಳುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

ಮೊದಲ ದಿನವೇ ಮಷೀನಿನ ಜೊತೆ ಜಗಳ. ‘ಹೊಸದುರ್ಗ’ ಎಂದು ಹೊಡೆದರೆ ‘ಹೊಸಞುರ್ಗ’ ಎಂದು ಬಿತ್ತು. ಬಗ್ಗಿ ನೋಡಿದೆ, ಗುಂಡಿಯ ಮೇಲೆ ‘ದ’ ಎಂದೇ ಇತ್ತು. ನನಗೆ ಪಿತ್ತ ನೆತ್ತಿಗೇರಿತು. ಕಚೇರಿಯ ವಯಸ್ಸಾದ ಜವಾನರೊಬ್ಬರು ನಕ್ಕರು.

“ನಿಮಗಿಂತ ಮುಂಚೆ ಇದ್ದೋರ್ದು ಎಡಗೈ ಕಿರುಬೆರಳು ಕಬ್ಬಿನ ಗಾಣದಾಗೆ ಹೋಗಿತ್ತು ಕಣವ್ವ. ದುರ್ಗದಿಂದ ಮಿಸ್ತ್ರಿ ಕರೆಸಿ, ಆ ಬೆರಳಿನ ಅಕ್ಷರ ಎಲ್ಲ ಬೇರೆ ಬೆರಳಿನ ಗುಂಡಿಗೆ ಬೆಸುಗೆ ಹಾಕಿಸ್ಕಂಡ್ರು, ಗುಂಡಿ ಮೇಲಿನ ಹೆಸರು ಬದಲಿಸ್ಲಿಲ್ಲ. ಉಳಿದಿದ್ದು ಕಂಪನಿ ಮಾಡಿದಂಗೇ ಐತೆ.”

ಬೈದುಕೊಂಡೇ ಕಲಿತೆ. ಅವರು ಬದಲಿಸಿದ ಕೆಲವು ಅಕ್ಷರಗಳಿಗೆ ಅವರ ಕ್ರಮ. ಅವರು ಮುಟ್ಟದ ಕಡೆಯೆಲ್ಲ ಬೆರಳು ತಾನಾಗಿ ಹಳೆಯ ಪಾಠಕ್ಕೇ ಹೋಗುತ್ತಿತ್ತು. ಗಟ್ಟಿಮುಟ್ಟಾಗಿದ್ದ ನನ್ನ ಎಡಗೈ ಕಿರುಬೆರಳು ಮಾತ್ರ ಕೆಲಸವಿಲ್ಲದೆ ಮಡಿಚಿಕೊಂಡಿರುತ್ತಿತ್ತು.

ಆ ಊರಿನಲ್ಲಿ ನನಗೆ ಯಾರೂ ಇರಲಿಲ್ಲ. ಗುಮಾಸ್ತರು ಮೇಜಿನ ಮೇಲೆ ಕಾಗದ ಎಸೆದು ಹೋಗುತ್ತಿದ್ದರು. ಬಾಡಿಗೆ ಕೋಣೆ ಕೊಟ್ಟವರು ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು. ಭಾನುವಾರ ಪೂರ್ತಿ ಮಾತಿಲ್ಲದೆ ಸೋಮವಾರ ಗಂಟಲು ಕಟ್ಟಿರುತ್ತಿತ್ತು. ಆ ಹಳೆಯ ಟೈಪಿಸ್ಟರು ನಿವೃತ್ತರಾಗಿ ತಮ್ಮ ಊರು ಮತ್ತೋಡಿಗೆ ಹೋಗಿ, ಅಲ್ಲೇ ತೀರಿಕೊಂಡಿದ್ದರು. ಅವರ ಮುಖವನ್ನೇ ನಾನು ಕಂಡಿರಲಿಲ್ಲ. ಆದರೂ ಅವರು ಗೊತ್ತುಮಾಡಿದ ಗುಂಡಿಯನ್ನು ಒತ್ತುವಾಗ ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ನಗುವವರು ನಗಲಿ, ನನಗಿದ್ದ ಜೊತೆ ಅದೊಂದೇ.

ಪರೀಕ್ಷೆ ಹತ್ತಿರವಾಯಿತು. ಜವಾನರು ಎಚ್ಚರಿಸಿದರು: “ದುರ್ಗದಾಗೆ ಪರೀಕ್ಷೆ ಮಷೀನು ಹಿಂಗಿರಲ್ಲ. ಮಿಸ್ತ್ರಿ ಊರಿಗೆ ಬಂದಾನೆ, ಮೊದ್ಲಿನಂಗೆ ಮಾಡಿಸ್ಕಳ್ರಿ.”

“ಇನ್ನೊಂದೆರಡು ದಿನ ಇರಲಿ” ಎಂದೆ.

“ಅವ್ನು ನಾಳೆ ಹೊಳಲ್ಕೆರೆಗೆ ಹೋಗ್ತಾನೆ.”

ಕರೆಸಿದೆ. ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಬೆಸುಗೆ ಬಿಚ್ಚಿ, ಅಕ್ಷರಗಳನ್ನು ಕಂಪನಿಯ ಜಾಗಕ್ಕೆ ಸೇರಿಸಿ, ಕೈ ಒರೆಸಿಕೊಂಡು ಹೋದ. ಮರಗಟ್ಟಿದ ಕಿರುಬೆರಳನ್ನು ಮತ್ತೆ ಪಳಗಿಸುವಷ್ಟರಲ್ಲಿ ಸಾಕುಸಾಕಾಯಿತು.

ಪಾಸಾದೆ. ಸಾಹೇಬರು ನನ್ನ ಕಾಯಂ ಆದೇಶದ ಕರಡನ್ನು ನನ್ನ ಕೈಗೇ ಕೊಟ್ಟು, ನೀನೇ ಟೈಪು ಮಾಡಿಕೊಂಡು ಬಾ ಎಂದರು. ಎಲ್ಲ ಬೆರಳುಗಳನ್ನೂ ಇಟ್ಟು ಹೊಡೆದೆ. ಒಂದೂ ತಪ್ಪು ಬೀಳಲಿಲ್ಲ. ಖುಷಿಪಡಬೇಕಿತ್ತು. ಇನ್ನು ಈ ಟೈಪಿಂಗ್ ಕೋಣೆಯಲ್ಲಿ ನಾನೊಬ್ಬಳೇ ಎಂದು ಅಳು ಬಂತು.