ಘಾಟಬೋರಾಳದ ಗಾಡಿಯ ತೂಕ

ಶಿವರಾಜಣ್ಣ, ನೀವು ಮೋಸ ಮಾಡಿರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಎಂಬತ್ತರ ದಶಕದ ಕೊನೆ. ಹುಮನಾಬಾದಿನ ಹತ್ತಿರದ ಸಕ್ಕರೆ ಕಾರ್ಖಾನೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಕಬ್ಬು ತೂಗುವ ಕಾಟಾವನ್ನು ಅದಕ್ಕೆ ಜೋಡಿಸುವ ಕೆಲಸ ನನ್ನದು. ಕಾಟಾದ ಅಂಕಿ ಕಂಪ್ಯೂಟರಿಗೆ ಮುಟ್ಟಲೆಂದು ಅದರ ಕರ್ನಲ್ಲಿನೊಳಗೆ — ಯಂತ್ರವನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಮಿನೊಳಗೆ — ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮೊಂದನ್ನು ಬರೆದು ಕೂರಿಸಿದ್ದೆ. ನಾನು ಬಸವಕಲ್ಯಾಣದವನು, ಹೈದರಾಬಾದಿನ ಕಂಪನಿಯ ಇಂಜಿನಿಯರು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕಾಟಾದ ಗುಂಡಿ ಒತ್ತುವವರು ನೀವು. ನಿಮ್ಮ ಮನೆಯ ಜೋಳದ ರೊಟ್ಟಿ ದಿನವೂ ಉಂಡವನು ನಾನು.

ಲಾರಿ ನಿಲ್ಲಿಸಿ ಪರೀಕ್ಷಿಸಿದ್ದೆ, ಎಲ್ಲ ಸರಿಯಿತ್ತು. ಎತ್ತುಗಳನ್ನು ಮರೆತಿದ್ದೆ. ಅಲ್ಲಿ ನೊಗ ಬಿಚ್ಚದೆ ಗಾಡಿ ತೂಗುತ್ತಿದ್ದರು. ಎತ್ತು ಕಾಲು ಬದಲಿಸುತ್ತಲೇ ಇದ್ದರೆ ತೂಕ ಒಂದೆಡೆ ನಿಲ್ಲದೆ ಕಾಟಾ ಅಂಕಿ ಕಳಿಸುತ್ತಿರಲಿಲ್ಲ. ಆಗ ನನ್ನ ಡ್ರೈವರ್ ಕಾಯಬೇಕಿತ್ತು. ಕಾಯದೆ, ಅದಕ್ಕೂ ಮೊದಲು ತೂಗಿದ ಗಾಡಿಯ ತೂಕವನ್ನೇ ಮತ್ತೆ ಕೊಡುತ್ತಿತ್ತು. ಹಾಗೆಯೇ ಒಂದು ದಿನ ಘಾಟಬೋರಾಳದ ನಿಮ್ಮ ಭಾವನ ಅರೆಬರೆ ತುಂಬಿದ ಗಾಡಿಗೆ ಯಾರದೋ ಭರ್ತಿ ಗಾಡಿಯ ತೂಕ ಬಿತ್ತು. ಆ ಊರಿನ ರೈತರೇ ನಿಮ್ಮ ಮೇಲೆ ಸಿಟ್ಟಿಗೆದ್ದರು: “ತನ್ನ ಮಂದಿಗಿ ತೂಕ ಏರಸ್ಯಾನ!” ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಳ್ಳಬೇಕಾದವನು ನಾನು.

ಕಾರ್ಖಾನೆ ನಿಮ್ಮ ವಿಚಾರಣೆ ಇಟ್ಟ ದಿನ ಬೆಳಿಗ್ಗೆ ನನಗೆ ತಪ್ಪು ಸಿಕ್ಕಿತು. ಹಳೆಯ ಅಂಕಿಯನ್ನು ಅಳಿಸುವ ಸಾಲನ್ನೇ ಬರೆದಿರಲಿಲ್ಲ. ಬರೆದೆ, ಕರ್ನಲ್ ಮತ್ತೆ ಕಟ್ಟಿದೆ, ಯಂತ್ರ ಚಾಲೂ ಮಾಡಿದೆ. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಮ್ಯಾನೇಜರು ಎಲ್ಲರ ಮುಂದೆ ಕೇಳಿದರು, “ಮಶೀನಿನ್ಯಾಗ ಏನರ ಖರಾಬಿ ಅದ ಏನ್ರಿ?”

“ಏನೂ ಇಲ್ರಿ. ಮಶೀನ್ ಬರೋಬರಿ ಅದ.”

ಆ ಹೊತ್ತಿಗೆ ಸರಿಯಾಗಿಯೇ ಇತ್ತಲ್ಲ — ಎಂದು ಎಷ್ಟು ವರ್ಷ ನನಗೆ ನಾನೇ... ಛೆ.

ನೀವು ಬೈದಿದ್ದರೆ, ನನ್ನ ಕಾಲರ್ ಹಿಡಿದಿದ್ದರೆ, ನಿಜ ಹೊರಬರುತ್ತಿತ್ತೇನೋ. ನೀವು ನನ್ನ ಮುಖ ನೋಡಿ, ಮ್ಯಾನೇಜರಿಗೆ ಮೆಲ್ಲಗೆ ಹೇಳಿದಿರಿ: “ಹಂಗಾದ್ರ ನನ್ನ ಕೈನೇ ಎಲ್ಲ್ಯೋ ತಪ್ಪಿರಬೇಕ್ರಿ. ಸಾಹೇಬ್ರು ಸುಳ್ಳ ಯಾಕ ಹೇಳ್ತಾರ?”

ನಿಮ್ಮ ಕೆಲಸ ಹೋಯಿತು. ಭಾವನ ಮನೆಯವರೊಂದಿಗೆ ಮಾತು ನಿಂತಿತಂತೆ. ಊರು ಬಿಟ್ಟು ಚಿಟಗುಪ್ಪ ಸೇರಿದಿರೆಂದು ಯಾರೋ ಹೇಳಿದರು. ಹುಮನಾಬಾದಿನಲ್ಲಿ ಚಿಟಗುಪ್ಪದ ಬಸ್ಸು ಕಂಡಾಗಲೆಲ್ಲ ನಾನು ಮುಖ ತಿರುಗಿಸಿದ್ದೇನೆ.

ನಾಳೆ ಘಾಟಬೋರಾಳಕ್ಕೆ ಹೋಗುತ್ತೇನೆ. ಅಂದು ನಿಮ್ಮನ್ನು ದೂರಿದವರಲ್ಲಿ ಕೆಲವರು ಇನ್ನೂ ಇದ್ದಾರೆ. ಅವರೆದುರು ಎಲ್ಲ ಹೇಳಿ, ಅಲ್ಲಿಂದ ನಿಮ್ಮ ಬಾಗಿಲಿಗೆ ಬರುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಇಷ್ಟು ವರ್ಷ ನೀವು ನಿಮ್ಮನ್ನೇ ಅನುಮಾನಿಸಿಕೊಂಡು ಬದುಕಿದ್ದರೆ, ಶಿವರಾಜಣ್ಣ — ಹಾಗೆ ಮಾಡಿದವನು ನಾನು.